ಬಗ್ಗಿ ನೆಡುವವರಿಗಾಗಿ ಒಂದು ಪ್ಯಾಡು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತಿ. ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯ ಒಂದು ಹಳ್ಳಿಯ ಹೊರಗೆ, ನಾಲೆ ಏರಿಯ ಕೆಳಗಿನ ಮೋಟರ್ ಮನೆಯ ಮುಂದೆ ನಾಟಿಗೆ ಹೊರಟ ಹೆಂಗಸರು ನಿಂತಿದ್ದಾರೆ. ತಲೆಯ ಮೇಲೆ ಗೊಬ್ಬರದ ಚೀಲ ಮಡಿಸಿ ಮಾಡಿಕೊಂಡ ಕೊಪ್ಪೆ. ಸಣ್ಣಗೆ ಜಿನುಗುವ ಮಳೆ. ಒಬ್ಬೊಬ್ಬರಾಗಿ ಮೋಟರ್ ಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ಸೀರೆ ಸರಿಪಡಿಸಿಕೊಳ್ಳುತ್ತ ಹೊರಗೆ ಬರುತ್ತಾರೆ. ಬಾಗಿಲ ಪಕ್ಕದಲ್ಲಿ ಬಟ್ಟೆ ಚೀಲ ಹಿಡಿದು ನಿಂತಿರುವವರು ಇಂದ್ರಾಣಿ.

‘ಗಂಟು ಪಕ್ಕಕ್ಕೆ ಬಂತಾ? ಮುಂದಕ್ಕೆ ಬಂದ್ರೆ ಬಗ್ಗಿದಾಗ ಒತ್ತುತದೆ’ ಎಂದು ಪ್ರತಿಯೊಬ್ಬರನ್ನೂ ಕೇಳುತ್ತಾರೆ.

‘ನಿನ್ ಗಂಡ ತಾಳಿ ಕಟ್ವಾಗ್ಲೂ ನೀನು ಇಷ್ಟು ಗಂಟು ನೋಡಿರ್ನಿಲ್ಲ ಕಣವ್ವ’ ಎನ್ನುತ್ತಾರೆ ಚಿಕ್ಕಬಸಮ್ಮ. ಈ ನಾಟಿ ಗುಂಪಿನ ಮುಂದಾಳು ಅವರು. ಗದ್ದೆಯವರ ಜೊತೆ ಮಾತಾಡಿ ಕೆಲಸ ಒಪ್ಪಿಕೊಳ್ಳುವುದು, ಆಳು ಕೂಡಿಸುವುದು, ಜಗಳ ಬಂದರೆ ಜಗಳ ಆಡುವುದು ಎಲ್ಲ ಅವರದೇ.

‘ಅದು ಒಂದು ಸಲ ಕಟ್ಟಿದ್ರೆ ಮುಗೀತು ಅಕ್ಕ. ಇದು ದಿನಾ ಬಿಚ್ಚಿ ದಿನಾ ಕಟ್ಬೇಕು’ ಎಂದು ಇಂದ್ರಾಣಿ ಚೀಲದಿಂದ ಮುಂದಿನದನ್ನು ತೆಗೆದು ಕೊಡುತ್ತಾರೆ.

ಕೊಡುತ್ತಿರುವುದು ಒಂದು ಪ್ಯಾಡು. ಆದರೆ ಮುಟ್ಟಿನದಲ್ಲ. ಬಗ್ಗಿದಾಗ, ಕೆಮ್ಮಿದಾಗ, ಹೊರೆ ಎತ್ತಿದಾಗ ತಮಗೆ ಗೊತ್ತಿಲ್ಲದಂತೆ ಮೂತ್ರ ಜಾರುವ ಹೆಂಗಸರಿಗಾಗಿ ಮಾಡಿದ್ದು. ಹಿಂದೆ ಮುಂದೆ ಬಟ್ಟೆಯ ಬಾಲಗಳಿವೆ. ಸೊಂಟಕ್ಕೆ ಕಟ್ಟಿದ ದಾರಕ್ಕೆ ಅವನ್ನು ಬಿಗಿಯಬೇಕು. ಮಾರುಕಟ್ಟೆಯಲ್ಲಿ ಇದು ಸಿಗುವುದಿಲ್ಲ. ಇಂದ್ರಾಣಿ ನಂಜನಗೂಡಿನ ಬಳಿಯ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ತಾವು ಕೆಲಸ ಮಾಡುವ ಡೈಪರ್ ಕಾರ್ಖಾನೆಯಲ್ಲಿ, ಊಟದ ಬಿಡುವಿನಲ್ಲಿ, ತಿರಸ್ಕೃತ ಮಾಲಿನಿಂದ ಇದನ್ನು ಕತ್ತರಿಸಿ ಹೊಲಿಯುತ್ತಾರೆ. ಈ ನಾಟಿ ಮುಗಿಯುವುದರೊಳಗೆ ಗುಂಪಿನಲ್ಲಿ ಯಾರಾದರೂ ತಾವಾಗಿ ‘ನಮಗೆ ಇದು ಬೇಕು’ ಎಂದು ಬಾಯಿಬಿಟ್ಟು ಕೇಳಿದರೆ ಮಾತ್ರ ಕಾರ್ಖಾನೆಯ ಯಂತ್ರದಲ್ಲಿ ಇದು ತಯಾರಾಗುತ್ತದೆ. ಕೇಳದಿದ್ದರೆ ಈ ಹೊಲಿಗೆಗೆಂದು ಇಂದ್ರಾಣಿಯವರಿಗೆ ಕೊಟ್ಟಿರುವ ಮೇಜು ಎತ್ತುತ್ತಾರೆ. ಮಾಲೀಕರು ಹಾಕಿರುವ ಷರತ್ತು ಅಷ್ಟೇ.

ನಾಟಿಗೆ ಉಳಿದಿರುವುದು ಕೊನೆಯ ಕೆಲವು ಗದ್ದೆಗಳು. ಇದುವರೆಗೆ ಯಾರೂ ಕೇಳಿಲ್ಲ. ಕೊಟ್ಟರೆ ಕಟ್ಟಿಕೊಳ್ಳುತ್ತಾರೆ. ಕೊಡದೆ ಸುಮ್ಮನೆ ನಿಂತರೆ ಅವರೂ ಸುಮ್ಮನೆ ಗದ್ದೆಗೆ ಇಳಿಯುತ್ತಾರೆ.

ಸಾಲಿನ ಕೊನೆಯಲ್ಲಿ ನಿಂತಿರುವವರು ಇಂದ್ರಾಣಿಯವರ ಅತ್ತೆ ಸಾಕಮ್ಮ. ‘ನಂಗೇನೂ ಇಲ್ಲ. ಸೊಸೆ ಮಾಡವ್ಳೆ, ಕಟ್ಕಳ್ದಿದ್ರೆ ಮನೇಲಿ ಮಾತಾಡಲ್ಲ ಅಂತ ಕಟ್ಕತೀನಿ’ ಎಂದು ಪಕ್ಕದವರಿಗೆ ಹೇಳುತ್ತ ಒಳಗೆ ಹೋಗುತ್ತಾರೆ. ಈ ಇಡೀ ಕತೆ ಶುರುವಾದದ್ದು ಅವರಿಂದಲೇ.

ಸಾಕಮ್ಮ ಈ ಸೀಮೆಯಲ್ಲಿ ಹೆಸರು ಮಾಡಿದ ನಾಟಿಯಾಳು. ಅವರು ನೆಟ್ಟ ಸಾಲು ದಾರ ಹಿಡಿದಂತೆ ಇರುತ್ತದೆ ಎಂದು ಗದ್ದೆಯವರೇ ಹೇಳುತ್ತಾರೆ. ಮೂರು ಹೆತ್ತು, ಹೆತ್ತ ಕೆಲವೇ ವಾರಗಳಲ್ಲಿ ಗದ್ದೆಗೆ ಇಳಿದವರು. ಒಂದು ವರ್ಷ ಇದ್ದಕ್ಕಿದ್ದ ಹಾಗೆ ನಾಟಿಗೆ ಹೋಗುವುದನ್ನು ಬಿಟ್ಟರು. ಮಂಡಿನೋವು ಎಂದರು. ನರಸೀಪುರದ ಸಂತೆಗೂ ಹೋಗಲೊಲ್ಲರು, ಬಸ್ಸು ಹತ್ತಲೊಲ್ಲರು, ನೆಂಟರ ಮದುವೆಗೂ ಇಲ್ಲ. ಮಂಡಿಗೆ ಎಣ್ಣೆ ತಂದುಕೊಟ್ಟರೆ ಗೂಡಿನಲ್ಲಿ ಹಾಗೇ ಉಳಿಯಿತು. ನಿಜ ಗೊತ್ತಾದದ್ದು ಬಟ್ಟೆ ಒಗೆಯುವಾಗ. ಅತ್ತೆಯ ಲಂಗಗಳು ಮಾತ್ರ ಯಾವಾಗಲೂ ಮೊದಲೇ ನೆನೆದು ಹಿಂಡಿದ ಹಾಗಿರುತ್ತಿದ್ದವು.

‘ನಾನು ಕಾರ್ಖಾನೇಲಿ ದಿನಾ ಯಾರ್ಯಾರಿಗೋ ಡೈಪರ್ ಪ್ಯಾಕ್ ಮಾಡ್ತೀನಿ. ಮನೇಲಿರೋರಿಗೆ ಬೇಕಾಗದೆ ಅಂತ ನಂಗೆ ಗೊತ್ತೇ ಆಗಿರ್ನಿಲ್ಲ’ ಎನ್ನುತ್ತಾರೆ ಇಂದ್ರಾಣಿ. ಇದನ್ನು ಅಳುತ್ತ ಹೇಳುವುದಿಲ್ಲ. ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳುತ್ತಾರೆ.

ಅವರ ಕಾರ್ಖಾನೆ ದೊಡ್ಡದೇನಲ್ಲ. ತಾಂಡ್ಯದ ಹಿಂಬದಿಯ ರಸ್ತೆಯಲ್ಲಿ, ದೊಡ್ಡ ಕಂಪನಿಗಳ ಕಾಂಪೌಂಡು ಮುಗಿದ ಮೇಲೆ ಸಿಗುವ ತಗಡಿನ ಶೆಡ್ಡು. ಒಳಗೆ ಒಂದೇ ಉದ್ದದ ಯಂತ್ರ. ಒಂದು ತುದಿಯಲ್ಲಿ ಪಲ್ಪ್ ಎನ್ನುವ ಮರದ ತಿರುಳಿನ ಹಾಳೆಯನ್ನು ಹಿಂಜಿ ಹತ್ತಿಯಂತೆ ಮಾಡುತ್ತದೆ, ನಡುವೆ ನೀರು ಹೀರುವ ಪುಡಿ ಉದುರಿಸುತ್ತದೆ, ಮೇಲೆ ಕೆಳಗೆ ಹಾಳೆ ಅಂಟಿಸಿ ಇನ್ನೊಂದು ತುದಿಯಲ್ಲಿ ಡೈಪರ್ ಮಾಡಿ ಉಗುಳುತ್ತದೆ. ಆ ತುದಿಯಲ್ಲಿ ನಿಲ್ಲುವವರು ಇಂದ್ರಾಣಿ. ಬಂದದ್ದನ್ನು ಎತ್ತಿ, ಬಾಗಿಸಿ, ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಪುಡಿ ಒಂದು ಕಡೆ ಗುಡ್ಡೆಯಾಗಿದ್ದರೆ ಅಥವಾ ಅಂಚು ಅಂಟಿರದಿದ್ದರೆ ಪಕ್ಕದ ಬುಟ್ಟಿಗೆ ಹಾಕುವುದು ಕೆಲಸ. ದಿನವಿಡೀ ನಿಂತೇ ಇರಬೇಕು. ಅದಕ್ಕೆ ಮೊದಲು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ ಮುಂದೆ ಕೂತು ಬೆನ್ನು ಕಳೆದುಕೊಂಡಿದ್ದರು. ‘ಅಲ್ಲಿ ಕೂತು ನೋವು, ಇಲ್ಲಿ ನಿಂತು ನೋವು. ಬದ್ಲಾವಣೆ ಅಂದ್ರೆ ಅಷ್ಟೇಯ’ ಎಂದು ನಗುತ್ತಾರೆ.

ಆ ಬುಟ್ಟಿಯ ಮಾಲನ್ನು ಮನೆಗೆ ಒಯ್ಯಲು ಮಾಲೀಕರು ಬಿಟ್ಟರು. ಸಾಕಮ್ಮ ದೊಡ್ಡ ಡೈಪರನ್ನು ಒಂದು ದಿನ ಹಾಕಿಕೊಂಡು, ಮರುದಿನ ಅದನ್ನು ಕತ್ತರಿಸಿ ಕೋಳಿಮರಿ ಬುಟ್ಟಿಗೆ ಹಾಸಿದರು. ಅದನ್ನು ಮಾಡಿರುವುದು ಮಲಗಿದವರಿಗೆ. ಹಾಕಿಕೊಂಡು ನಡೆಯುವುದೇ ಕಷ್ಟ, ಇನ್ನು ಗದ್ದೆಯ ಕೆಸರಲ್ಲಿ ಬಗ್ಗುವುದೆಲ್ಲಿ ಬಂತು. ಆಗ ಇಂದ್ರಾಣಿ ಅದನ್ನೇ ಸಣ್ಣದಾಗಿ ಕತ್ತರಿಸಿ, ಅಂಗಡಿಯ ಪ್ಯಾಡಿನಂತೆ ಹಿಂಬದಿಗೆ ಗೋಂದಿನ ಪಟ್ಟಿ ಅಂಟಿಸಿ, ಹೋದ ವರ್ಷದ ನಾಟಿಗೆ ಚಿಕ್ಕಬಸಮ್ಮನ ಗುಂಪಿಗೆ ತಂದುಕೊಟ್ಟರು. ಗುಂಪಿನಲ್ಲಿ ಅತ್ತೆಯಂಥವರು ಇನ್ನೂ ಇದ್ದಾರೆಂದು ಅವರಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಯಾರೂ ಹೇಳಿರಲಿಲ್ಲ. ಬದುವಿನ ಮೇಲೆ ಯಾರು ಯಾವಾಗ ಎದ್ದು ಮರೆಗೆ ಹೋಗುತ್ತಾರೆ ಎಂದು ನೋಡಿದರೆ ಸಾಕಿತ್ತು.

ಅಲ್ಲಿ ಆದ ಎಡವಟ್ಟನ್ನು ಗುಂಪಿನವರು ಈಗಲೂ ಹೊಟ್ಟೆ ಹಿಡಿದುಕೊಂಡು ಹೇಳುತ್ತಾರೆ. ಗೋಂದಿನ ಪ್ಯಾಡನ್ನು ಅಂಟಿಸಬೇಕಾದದ್ದು ಒಳಚಡ್ಡಿಗೆ. ಈ ಹೆಂಗಸರಲ್ಲಿ ಹೆಚ್ಚಿನವರು ಒಳಚಡ್ಡಿ ಹಾಕುವವರಲ್ಲ. ಸೀರೆಯ ಕೆಳಗೆ ಲಂಗ, ಅಷ್ಟೇ. ಅದು ಇಂದ್ರಾಣಿಗೆ ಗೊತ್ತಿರಲಿಲ್ಲ ಎಂದಲ್ಲ, ಕಾರ್ಖಾನೆಯಲ್ಲಿ ಎಲ್ಲ ಪ್ಯಾಡಿಗೂ ಗೋಂದು ಇರುತ್ತದೆ, ಇದಕ್ಕೂ ಹಾಕಿದರು. ಕೊಟ್ಟವಳು ಸೊಸೆಯಂಥವಳು, ಎಲ್ಲಿಗೆ ಅಂಟಿಸಬೇಕು ಎಂದು ಇವರು ಕೇಳಲಿಲ್ಲ. ಲಂಗದ ಒಳಮೈಗೆ ಅಂಟಿಸಿಕೊಂಡು ಗದ್ದೆಗೆ ಇಳಿದರು.

‘ಸೀರೆ ಮೇಲಕ್ಕೆ ಕಟ್ಟಿ ಬಗ್ಗಿದ್ವಲ್ಲ, ಒಬ್ಳುದು ದೊಪ್ ಅಂತ ಬಿತ್ತು. ಬಿದ್ದುದ್ದು ಸುಮ್ಕಿರ್ತದಾ? ಗದ್ದೆ ನೀರೆಲ್ಲ ಕುಡ್ಕಂಡು ದಿಂಬು ಆಯ್ತು’ ಎಂದು ಚಿಕ್ಕಬಸಮ್ಮ ಎರಡು ಕೈಯಲ್ಲಿ ಅಳತೆ ತೋರಿಸುತ್ತಾರೆ. ‘ನೀರು ಕಟ್ಟಕ್ಕೆ ಬಂದಿದ್ದ ಹುಡ್ಗ ಸತ್ತ ಮೀನು ಅಂತ ಕೋಲಲ್ಲಿ ತಿವಿದ. ಯಾರ್ದು ಅಂತ ಕೇಳುದ್ರೆ ಒಬ್ರೂ ಒಪ್ನಿಲ್ಲ.’

ಆ ಸಂಜೆ ಸಾಕಮ್ಮ ಸೊಸೆಗೆ ಹೇಳಿದ್ದು ಒಂದೇ ಮಾತು. ‘ನಾವು ಮುಟ್ಟಾಗ್ತಿದ್ದಾಗ ಸೊಂಟಕ್ಕೆ ದಾರ ಕಟ್ಟಿ ಬಟ್ಟೆ ಸಿಗಿಸ್ತಿದ್ದೋ. ದಾರ ಎಲ್ಗೂ ಬೀಳ್ನಿಲ್ಲ.’

ಗೋಂದು ಹೋಗಿ ದಾರ ಬಂತು. ಮೊದಲ ಸಲ ಕಟ್ಟಿಕೊಂಡಾಗ ‘ಇದು ಲಂಗೋಟಿ ಕಣ್ರಮ್ಮಿ, ನಾಟಿ ಮುಗುಸ್ಕಂಡು ಅಂಗೇ ಮೈಸೂರಿಗೆ ಕುಸ್ತಿಗೆ ಓಗದಾ’ ಎಂದು ಗುಂಪೆಲ್ಲ ಆಡಿಕೊಂಡಿತು. ಆಡಿಕೊಂಡರೂ ಬಿಚ್ಚಲಿಲ್ಲ. ಅದು ಬೀಳಲಿಲ್ಲ.

ಆದರೆ ಸೋರಿತು. ಇಂದ್ರಾಣಿ ಹೀರುವ ಪುಡಿಯನ್ನು ಎರಡು ಪಟ್ಟು ತುಂಬಿದರು. ಇನ್ನೂ ಹೆಚ್ಚು ಸೋರಿತು. ಇದು ಅವರಿಗೆ ಬಿಡಿಸಲಾಗದ ಗಂಟಾಯಿತು. ಬಿಡಿಸಿದವರು ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಪ್ರಸಾದ್. ಕೆಮಿಸ್ಟ್ರಿ ಓದಿರುವ ಹುಡುಗ, ಇಂದ್ರಾಣಿಗಿಂತ ಎಷ್ಟೋ ಚಿಕ್ಕವರು. ಅವರು ಇವರನ್ನು ಇಂದ್ರಾಣಕ್ಕ ಎಂದರೆ ಇವರು ಅವರನ್ನು ಸಾ ಎನ್ನುತ್ತಾರೆ.

‘ಕುದಿಯೋ ನೀರಿಗೆ ರಾಗಿ ಹಿಟ್ಟನ್ನ ಒಂದೇ ಸಲ ಸುರಿದು ಬಿಟ್ರೆ ಏನಾಗ್ತದಕ್ಕ?’ ಎಂದು ಕೇಳಿದರು ಪ್ರಸಾದ್.

‘ಗಂಟಾಗ್ತದೆ.’

‘ಗಂಟು ಒಡೆದು ನೋಡಿದ್ರೆ?’

‘ಒಳಗೆ ಒಣ ಹಿಟ್ಟೇ ಇರ್ತದೆ.’

‘ಇದೂ ಅಷ್ಟೇ. ಮೇಲಿನ ಪುಡಿ ಉಬ್ಬಿ ಮುಚ್ಕೊಂಡ್ರೆ ನೀರು ಒಳಕ್ಕೇ ಇಳಿಯಲ್ಲ. ಪಕ್ಕಕ್ಕೆ ಹರಿದು ಹೋಗ್ತದೆ. ಪುಡಿ ಕಮ್ಮಿ ಮಾಡಿ, ನಡುವೆ ನಡುವೆ ಪಲ್ಪ್ ಹಾಕಿ.’

ಮುದ್ದೆ ತೊಳಸುವವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಇಂದ್ರಾಣಿ ಒಂದು ಪದರ ಹಿಂಜಿದ ಪಲ್ಪು, ಮೇಲೆ ಉದುರಿಸಿದಷ್ಟು ಪುಡಿ, ಮತ್ತೆ ಪಲ್ಪು ಎಂದು ಹಾಸಿದರು. ಅಷ್ಟಾದ ಮೇಲೆ ಅವರು ಮಾಡಿದ ಕೆಲಸವನ್ನು ಬಹಳ ಮಂದಿ ಮಾಡಲಾರರು. ಗದ್ದೆಯಲ್ಲಿ ಕಟ್ಟಿಕೊಂಡ ಪ್ಯಾಡುಗಳನ್ನು ಸಂಜೆ ವಾಪಸ್ ಪಡೆದು, ಒಯ್ದು, ಕತ್ತರಿಸಿ ನೋಡತೊಡಗಿದರು.

ಯಾರದು ಯಾವುದು ಎಂದು ತಿಳಿಯಬೇಕು, ಆದರೆ ಹೆಸರು ಬೇಡ. ಅದಕ್ಕೆ ಬಾಲಕ್ಕೆ ಒಂದೊಂದು ಬಣ್ಣದ ದಾರ ಹೊಲಿದಿದ್ದಾರೆ. ಹಸಿರಿನವರು, ಕೆಂಪಿನವರು, ನೀಲಿಯವರು. ಸಂಜೆ ಮೋಟರ್ ಮನೆಯೊಳಗೆ ಬಾಯಿ ಕಟ್ಟುವ ದಪ್ಪ ಪ್ಲಾಸ್ಟಿಕ್ ಚೀಲ ನೇತುಹಾಕಿರುತ್ತದೆ. ಗುಂಪಿನಲ್ಲಿ ಎರಡು ಕೇರಿಯ ಹೆಂಗಸರಿದ್ದಾರೆ. ಊಟದ ಬುತ್ತಿ ಇಂದಿಗೂ ಬೇರೆ ಬೇರೆ ಬದುವಿನ ಮೇಲೆ ಬಿಚ್ಚುವವರು, ಈ ಚೀಲಕ್ಕೆ ಮಾತ್ರ ಎಲ್ಲರೂ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಚೀಲ ಇಂದ್ರಾಣಿಯವರ ಕಾಲಬಳಿ ಕೂತು ನಂಜನಗೂಡಿನ ಬಸ್ಸಿನಲ್ಲಿ ಪ್ರಯಾಣ ಮಾಡುತ್ತದೆ. ‘ಏನಮ್ಮ ಅದು, ಮೀನಾ?’ ಎಂದು ಕಂಡಕ್ಟರು ಒಮ್ಮೆ ಕೇಳಿದರಂತೆ. ‘ಸ್ಯಾಂಪಲ್ಲು’ ಎಂದರಂತೆ ಇವರು. ಕಾರ್ಖಾನೆಯಲ್ಲಿ ಕೈಗವಸು ಹಾಕಿಕೊಂಡು ತೂಗುತ್ತಾರೆ, ಸೀಳಿ ನೋಡುತ್ತಾರೆ, ಆಮೇಲೆ ಎಲ್ಲವೂ ಸುಡುವ ಒಲೆಗೆ.

ಗಂಡ ಕೃಷ್ಣ ಅವರಿಗೆ ಇದು ಸರಿಬರಲಿಲ್ಲ. ನರಸೀಪುರದ ಒಂದು ಕಚೇರಿಯಲ್ಲಿ ಅಟೆಂಡರ್ ಆಗಿರುವ ಅವರು ಹೆಂಡತಿಯ ಮೇಲೆ ಕೂಗಾಡುವವರಲ್ಲ. ಆದರೆ ಒಂದು ಸಂಜೆ ಚೀಲ ಮನೆಯ ಮುಂದಿನ ನುಗ್ಗೆಮರಕ್ಕೆ ನೇತಾಡುವುದನ್ನು ಕಂಡು ಹೇಳಿಯೇ ಬಿಟ್ಟರು. ‘ಊರೋರ ಕೊಳೆ ಹೊರೋದು ನಮ್ಮ ತಾತನ ಕಾಲ್ಕೇ ಸಾಕು ಅಂತ ಬುಟ್ಟೋ. ನೀನು ಮತ್ತೆ ಚೀಲ್ದಲ್ಲಿ ತುಂಬ್ಕಂಡು ಬತ್ತಿದ್ದೀಯಲ್ಲ.’

ಇಂದ್ರಾಣಿ ಅವತ್ತು ಕೊಟ್ಟ ಉತ್ತರವನ್ನು ಕೃಷ್ಣ ಅವರೇ ಈಗ ಹೇಳುತ್ತಾರೆ. ‘ತಾತಂಗೆ ಹೊರು ಅಂದೋರು ಬೇರೆಯೋರು. ನಂಗೆ ಯಾರೂ ಯೋಳ್ನಿಲ್ಲ. ಅವ್ರು ಕೊಡಕ್ಕೆ ನಾಚ್ಕತಾರೆ, ನಾನೇ ಕೇಳಿ ಇಸ್ಕತೀನಿ ಅಂದ್ಲು. ಅದ್ಕೇನು ಯೋಳ್ಳಿ ನಾನು? ಮನೆ ಒಳಕ್ಕೆ ಮಾತ್ರ ತರ್ಬ್ಯಾಡ ಅಂದೆ.’ ಚೀಲ ಇಂದಿಗೂ ನುಗ್ಗೆಮರದಲ್ಲೇ ನೇತಾಡುತ್ತದೆ. ಆ ಮಾತಿನ ಹಿಂದಿರುವುದು ಸಣ್ಣ ನೋವಲ್ಲ ಎಂದು ಇಂದ್ರಾಣಿಗೂ ಗೊತ್ತು. ಅದನ್ನು ಅವರು ವಾದ ಮಾಡಿ ಗೆಲ್ಲಲು ಹೋಗಿಲ್ಲ.

ಸೀಳಿ ನೋಡಿದ್ದರಿಂದ ಸಿಕ್ಕಿದ್ದು ಎರಡು ಸಂಗತಿ. ಒಂದು, ಎಲ್ಲ ಪ್ಯಾಡುಗಳೂ ಮುಂಭಾಗದಲ್ಲಿ ಉಬ್ಬಿ, ನಡುವೆ ಒಣಗಿದ್ದವು. ಮಲಗಿದವರಿಗೆ, ಕೂತವರಿಗೆ ನೀರು ನಡುವೆ, ಹಿಂದೆ ನಿಲ್ಲುತ್ತದೆ. ದಿನವಿಡೀ ಬಗ್ಗಿದವರಿಗೆ ಮುಂದಕ್ಕೆ ಹರಿಯುತ್ತದೆ. ಇಂದ್ರಾಣಿ ಪುಡಿಯನ್ನು ಮುಂದಕ್ಕೆ ತಂದರು. ಇನ್ನೊಂದು, ಅಂಚುಗಳೆಲ್ಲ ಕೆಸರಿನ ಬಣ್ಣ. ಎಂದರೆ ಪ್ಯಾಡು ಮೈನೀರಿಗಿಂತ ಮೊದಲು ಗದ್ದೆ ನೀರನ್ನೇ ಕುಡಿಯುತ್ತಿತ್ತು. ಸೀರೆ ನೆನೆದು, ತೊಡೆಯಿಂದ ನೀರು ಏರಿ, ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತುಂಬಿಸಿಕೊಂಡು ಭಾರವಾಗುತ್ತಿತ್ತು.

ದೊಡ್ಡವರ ಡೈಪರಿಗೆ ಕಾಲಿನ ಪಕ್ಕ ಎಲಾಸ್ಟಿಕ್ ಹಾಕಿದ ತೆಳು ಅಂಚು ಎದ್ದು ನಿಂತಿರುತ್ತದೆ. ಒಳಗಿನದು ಹೊರಗೆ ಹರಿಯದಿರಲಿ ಎಂದು. ಇಂದ್ರಾಣಿ ಅದನ್ನು ಗದ್ದೆಯ ಬದು ಎಂದೇ ಕರೆಯುವುದು. ‘ಒಳಗಡೆ ನೀರು ನಿಲ್ಸಕ್ಕೆ ಒಂದು ಬದು ಅದೆ. ಆಚೆ ಗದ್ದೆ ನೀರು ಈಚೆಗೆ ನುಗ್ಗಬಾರ್ದು ಅಂದ್ರೆ ಇನ್ನೊಂದು ಬದು ಬೇಕಲ್ವಾ’ ಎನ್ನುತ್ತಾರೆ. ತಿರಸ್ಕೃತ ಡೈಪರುಗಳಿಂದ ಅಂಚು ಬಿಡಿಸಿ, ಇರುವ ಬದುವಿನ ಬೆನ್ನಿಗೆ ಇನ್ನೊಂದನ್ನು ಹೊರಮುಖವಾಗಿ ಅಂಟಿಸಿದರು. ಎರಡು ಸಲ ತೊಡೆ ಉಜ್ಜಿ ಗಾಯವಾಯಿತು. ಎಲಾಸ್ಟಿಕ್ ಸಡಿಲ ಮಾಡಿದರು. ಮೂರನೆಯ ಸಲ ಕೆಸರಿನ ಬಣ್ಣ ಅಂಚಿನಲ್ಲೇ ನಿಂತಿತು. ಹೊರಗಿನ ನೀರು ತಡೆಯುವ ಈ ಎರಡನೆಯ ಬದುವನ್ನು ತಾವು ಇನ್ನೆಲ್ಲೂ ನೋಡಿಲ್ಲ ಎನ್ನುತ್ತಾರೆ ಪ್ರಸಾದ್.

ಇದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಅದನ್ನು ಇಂದ್ರಾಣಿಯೇ ಮೊದಲು ಹೇಳುತ್ತಾರೆ. ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಹೋಗಿಬನ್ನಿ, ಇದಕ್ಕೆ ವ್ಯಾಯಾಮ ಇದೆ, ಔಷಧಿ ಇದೆ, ಕೆಲವರಿಗೆ ಆಪರೇಷನ್ನೂ ಇದೆ ಎಂದು ಎಲ್ಲರಿಗೂ ಹೇಳಿ ನೋಡಿದ್ದಾರೆ. ‘ನಾಟಿ ಮುಗೀಲಿ ನೋಡಣ ಅಂತಾರೆ. ನಾಟಿ ಮುಗುದ್ರೆ ಕಳೆ. ಕಳೆ ಮುಗುದ್ರೆ ಕಬ್ಬು. ಅಲ್ಲಿಗಂಟ ಏನ್ಮಾಡದು?’

ಷರತ್ತು ಹಾಕಿದ ಮಾಲೀಕ ಗಂಗಾಧರಸ್ವಾಮಿ ಕೆಟ್ಟವರೇನಲ್ಲ. ಅವರಿಗೂ ಒಂದು ಪೆಟ್ಟು ಬಿದ್ದಿದೆ. ನಂಜನಗೂಡಿನ ಬಾಳೆ ಬೆಳೆಯುವ ಮನೆತನದವರಾದ ಅವರು ಕೆಲವು ವರ್ಷಗಳ ಹಿಂದೆ ಬಾಳೆದಿಂಡಿನ ನಾರಿನಿಂದ ಪ್ಯಾಡು ಮಾಡಿಸಿದ್ದರು. ವಸ್ತುಪ್ರದರ್ಶನದಲ್ಲಿ ಶಾಲು ಹೊದಿಸಿದರು, ಫೋಟೋ ಬಂತು, ಊರೂರಿಗೆ ಹಂಚಿದರು. ನಾರು ಬಿರುಸಾಗಿ ಚುಚ್ಚುತ್ತಿತ್ತು. ಅದನ್ನೂ ಯಾರೂ ಹೇಳಲಿಲ್ಲ. ಬಿಟ್ಟಿ ಕೊಟ್ಟರೆಂದು ಎಲ್ಲರೂ ತೆಗೆದುಕೊಂಡರು, ಇನ್ನೊಂದು ಕೊಡಿ ಎಂದು ಯಾರೂ ಬರಲಿಲ್ಲ. ಆ ಮಾಲು ಈಗಲೂ ಗೋಡೌನಿನ ಮೂಲೆಯಲ್ಲಿದೆ.

‘ನೋಡಮ್ಮ, ಕೊಟ್ಟಿದ್ದನ್ನ ತಗೊಳ್ಳೋದು ಬೇರೆ, ಕೇಳಿ ತಗೊಳ್ಳೋದು ಬೇರೆ’ ಎಂದು ಅವರು ಇಂದ್ರಾಣಿಗೆ ಹೇಳಿದರು. ‘ಯಂತ್ರಕ್ಕೆ ಬೇರೆ ಅಚ್ಚು ಕೂರಿಸ್ಬೇಕು. ಒಬ್ರು, ಒಬ್ರೇ ಒಬ್ರು, ಬಾಯ್ಬಿಟ್ಟು ಕೇಳ್ಲಿ. ಕೂರಿಸ್ತೀನಿ. ನಾಟಿ ಮುಗಿಯೋವರೆಗೂ ಮೇಜು ನಿಂದು.’

ಈ ಷರತ್ತು ಕೇಳುವುದಕ್ಕೆ ಸುಲಭ. ಇಂದ್ರಾಣಿಗೆ ಮಾತ್ರ ಅದರ ಕಷ್ಟ ಗೊತ್ತಿತ್ತು. ಪ್ಯಾಡು ಸೋರುತ್ತಿಲ್ಲ, ಬೀಳುತ್ತಿಲ್ಲ, ಉಜ್ಜುತ್ತಿಲ್ಲ. ಹಸಿರು ದಾರದವರು ಈ ವರ್ಷ ಒಂದು ದಿನವೂ ನಡುವೆ ಎದ್ದು ಮರೆಗೆ ಓಡಿಲ್ಲ. ಸಾಕಮ್ಮ ಮತ್ತೆ ಸಾಲು ಹಿಡಿದಿದ್ದಾರೆ. ಆದರೆ ಕೇಳಿದರೆ, ತನಗೆ ಜಾರುತ್ತದೆ ಎಂದು ಒಪ್ಪಿಕೊಂಡ ಹಾಗೆ. ಅದನ್ನು ಗಂಡನಿಗೆ ಹೇಳಿಲ್ಲ, ತಾಯಿಗೆ ಹೇಳಿಲ್ಲ, ಪಕ್ಕದಲ್ಲಿ ಬಗ್ಗಿ ನೆಡುವವಳಿಗೂ ಹೇಳಿಲ್ಲ. ‘ಸೊಸೆ ಕೊಟ್ಲು’, ‘ಎಲ್ರೂ ಕಟ್ಕಂಡ್ರು ಅಂತ ನಾನೂ’ ಎನ್ನುವ ಮರೆಯಲ್ಲೇ ಎಲ್ಲರೂ ನಿಂತಿದ್ದರು.

ಪ್ರಸಾದ್ ಸುಲಭದ ದಾರಿ ತೋರಿಸಿದರು. ‘ಕೇಳಿದ್ರು ಅಂತ ಹೇಳಿಬಿಡಿ ಅಕ್ಕ. ಸ್ವಾಮಿಯವರೇನು ಗದ್ದೆಗೆ ಬಂದು ವಿಚಾರಿಸ್ತಾರಾ?’

‘ಸುಳ್ಳು ಯೋಳದೇನು ಕಷ್ಟ ಅಲ್ಲ ಸಾ’ ಎಂದರು ಇಂದ್ರಾಣಿ. ‘ಇಲ್ಲಿ ಮಾಡಿಬಿಡಬೌದು. ಅಲ್ಲಿ ಯಾರೂ ಕೇಳ್ಕಂಡು ಬರ್ನಿಲ್ಲ ಅಂದ್ರೆ ಬಾಳೆನಾರಿನ ಪಕ್ಕದಲ್ಲಿ ಇದೂ ಬೀಳ್ತದೆ. ಆಮ್ಯಾಕೆ ಈ ಶೆಡ್ಡಲ್ಲಿ ಹೆಂಗಸ್ರ ಮಾತು ಯಾರೂ ಎತ್ತಲ್ಲ.’

ಕೊನೆಗೆ ಉಳಿದದ್ದು ದೊಡ್ಡಸಿದ್ದಯ್ಯನವರ ಗದ್ದೆ. ಊರಿನ ಹಿರಿಯ ರೈತರು, ಮಠಕ್ಕೆ ನಡೆದುಕೊಳ್ಳುವ ಮನೆ, ಮಾತಿನಲ್ಲಿ ಕಟ್ಟುನಿಟ್ಟು. ಅವರ ಪಾಲಿನ ನಾಲೆ ನೀರು ತಡವಾಗಿ ಬಂದು ಒಟ್ಲುಮಡಿಯ ಸಸಿ ನೆಡುವ ವಯಸ್ಸು ಮೀರಿ ಬಲಿತಿದೆ. ನಾಳೆ ನೆಡದಿದ್ದರೆ ಕೆಟ್ಟಿತು. ನಾಟಿ ಯಂತ್ರದವನು ಬರುತ್ತೇನೆಂದು ಹೇಳಿ ಫೋನ್ ಎತ್ತುತ್ತಿಲ್ಲ. ಸಂಜೆ ಚಿಕ್ಕಬಸಮ್ಮ ಮಾತಾಡಲು ಅವರ ಮನೆಗೆ ಹೊರಟಾಗ, ಬಸ್ಸಿಳಿದು ಬರುತ್ತಿದ್ದ ಇಂದ್ರಾಣಿ ಎದುರಾದರು. ‘ಬಾ ಇಲ್ಲಿ, ಸುಮ್ಕೆ ನನ್ ಹಿಂದೆ ನಿಂತ್ಕ’ ಎಂದು ಚಿಕ್ಕಬಸಮ್ಮ ಅವರನ್ನು ಕರೆದುಕೊಂಡು ಹೋದರು. ಯಾಕೆಂದು ಹೇಳಲಿಲ್ಲ.

ದೊಡ್ಡಸಿದ್ದಯ್ಯ ಜಗಲಿಯ ಮೇಲೆ ಕೂತಿದ್ದರು. ಇಬ್ಬರೂ ಅಂಗಳದಲ್ಲಿ ನಿಂತರು. ಕೂಲಿಯ ಮಾತು ಬೇಗ ಮುಗಿಯಿತು. ಬೆಳಗಿನ ತಿಂಡಿ, ನಡುವೆ ಟೀ, ಸಂಜೆ ಎಲೆ ಅಡಿಕೆ. ಇದು ವಾಡಿಕೆ.

‘ಎಲೆ ಅಡ್ಕೆ ಈ ಸಲ ಬ್ಯಾಡಿ ಬುದ್ಧಿ’ ಎಂದರು ಚಿಕ್ಕಬಸಮ್ಮ.

‘ಯಾಕಮ್ಮ, ಹಲ್ಲೆಲ್ಲ ಹೋದ್ವಾ ನಿಮ್ಮೋರ್ಗೆ?’

‘ಹಲ್ಲು ಅವೆ. ಅದ್ರ ಬದ್ಲು ಇಂದ್ರಾಣಿ ಪ್ಯಾಡು ಕೊಡ್ಸಿ. ಆಳಿಗೊಂದು.’

‘ಪ್ಯಾಡಾ? ಮಂಡಿಗೆ ಹಾಕ್ಕತಾರಲ್ಲ, ಅದಾ?’

‘ಮಂಡಿಗಲ್ಲ ಬುದ್ಧಿ. ಉಚ್ಚೆಗೆ.’

ಇಂದ್ರಾಣಿ ನೆಲ ನೋಡಿದರು. ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದವನು ಕೈ ನಿಲ್ಲಿಸಿದ. ದೊಡ್ಡಸಿದ್ದಯ್ಯ ಹೆಗಲ ಮೇಲಿನ ಟವೆಲು ತೆಗೆದು, ಮಡಿಸಿ, ಮತ್ತೆ ಅಲ್ಲೇ ಹಾಕಿಕೊಂಡರು.

‘ವರ್ಷವರ್ಷಾನೂ ಬಗ್ಗಿ ಬಗ್ಗಿ ನೆಟ್ಟು ನಮಗೆ ನಿಲ್ತಾ ಇಲ್ಲ’ ಎಂದು ಚಿಕ್ಕಬಸಮ್ಮ ದನಿ ಏರಿಸದೆ ಮುಂದುವರಿಸಿದರು. ‘ನಂಗೂವೆ ನಿಲ್ತಾ ಇಲ್ಲ, ನಾಚ್ಕೆ ಏನು ಬಂತು. ಮಳೆಗೆ ಕೊಪ್ಪೆ ಕೇಳುದ್ರೆ ಕೊಡ್ತೀರ. ಟೀ ಕೇಳುದ್ರೆ ಕೊಡ್ತೀರ. ಇದು ಅದ್ಕಿಂತ ಜಾಸ್ತಿ ಬೇಕಾದ್ದು. ಇದು ಕಟ್ಕಂಡ್ರೆ ಮಧ್ಯ ಎದ್ದು ಓಗಲ್ಲ, ಸಾಲು ನಿಲ್ಲಲ್ಲ. ನಿಮ್ಗೇ ಲಾಭ.’

ಅಷ್ಟರಲ್ಲಿ ನಡುಮನೆಯ ಬಾಗಿಲಲ್ಲಿ ಅವರ ಹೆಂಡತಿ ಮಂಗಳಗೌರಿ ಕಾಣಿಸಿಕೊಂಡರು. ಒಲೆಯ ಮುಂದಿನಿಂದ ಎದ್ದು ಬಂದ ಹಾಗಿತ್ತು.

‘ಆಯ್ತು ಅನ್ನಿ’ ಎಂದರು ಗಂಡನಿಗೆ. ಆಮೇಲೆ ಯಾರ ಮುಖವನ್ನೂ ನೋಡದೆ, ‘ಒಂದು ನಾಲ್ಕು ಜಾಸ್ತೀನೇ ತರ್ಸಿ. ಮನೇಲಿರ್ಲಿ’ ಎಂದು ಒಳಗೆ ಹೋದರು.

ದೊಡ್ಡಸಿದ್ದಯ್ಯ ಬಾಗಿಲ ಕಡೆ ನೋಡಿದರು. ಎಷ್ಟೋ ವರ್ಷ ಒಂದೇ ಮನೆಯಲ್ಲಿ ಬಾಳಿದವರಿಗೆ ತಿಳಿಯದ್ದು ಆಗ ತಿಳಿಯಿತೋ ಏನೋ. ಇಂದ್ರಾಣಿಯ ಕಡೆ ತಿರುಗಿ, ‘ನಿಮ್ಮ ಸ್ವಾಮಿ ನಂಬರ್ ಕೊಡಮ್ಮ’ ಎಂದರು.

ಮರುದಿನ ಬೆಳಿಗ್ಗೆ ಗಂಗಾಧರಸ್ವಾಮಿ ಇಂದ್ರಾಣಿಯವರನ್ನು ಆಫೀಸಿಗೆ ಕರೆದರು. ಫೋನು ಇನ್ನೂ ಕೈಯಲ್ಲೇ ಇತ್ತು. ‘ಹೆಂಗಸರು ಯಾರಾದ್ರೂ ಕೇಳ್ಲಿ ಅಂದಿದ್ದೆ. ಗದ್ದೆ ಯಜಮಾನ್ರೇ ಕೇಳಿಬಿಟ್ರಲ್ಲ. ಅದೂ ಆರ್ಡರ್ ಹಾಕ್ದಂಗೆ. ಮುಂದಿನ ಸಲ ಕಳೆ ತೆಗೆಯೋರಿಗೂ ಬೇಕಾಗಬಹುದು ಅಂತಾರೆ.’

‘ಚಿಕ್ಕಬಸಕ್ಕ ಕೇಳುದ್ರು ಬುದ್ಧಿ. ಅಂಗಳದಲ್ಲಿ ನಿಂತ್ಕಂಡು ಕೇಳುದ್ರು. ಆಮೇಲೆ ಅವ್ರು’ ಎಂದರು ಇಂದ್ರಾಣಿ. ಅದು ಅವರಿಗೆ ಸರಿಯಾಗಿ ದಾಖಲಾಗಬೇಕಿತ್ತು.

ಅಚ್ಚು ಕೂತಿತು. ಈಗ ಶನಿವಾರ ಮಧ್ಯಾಹ್ನ ದೊಡ್ಡವರ ಡೈಪರಿನ ಕೆಲಸ ಮುಗಿದ ಮೇಲೆ ಯಂತ್ರ ಎರಡು ಬದುವಿನ ಪ್ಯಾಡು ಮಾಡುತ್ತದೆ. ಬಾಲಗಳನ್ನು ಇನ್ನೂ ಕೈಯಲ್ಲೇ ಹೊಲಿಯಬೇಕು. ಅದಕ್ಕೆ ಮೇಜಿನ ಸುತ್ತ ಇನ್ನೂ ಇಬ್ಬರು ಬಂದಿದ್ದಾರೆ. ಇಂದ್ರಾಣಿಯವರ ಕೆಲಸದ ಹೆಸರು ಬದಲಾಗಿಲ್ಲ, ಸಂಬಳದ ಮಾತೂ ಇನ್ನೂ ಮಾತಾಗಿಯೇ ಇದೆ. ಪ್ಯಾಕೆಟ್ಟಿನ ಮೇಲೆ ನಗುವ ಹುಡುಗಿಯ ಚಿತ್ರ ಹಾಕೋಣವೇ ಎಂದು ಮಾಲೀಕರು ಕೇಳಿದ್ದಕ್ಕೆ ‘ನಗೋರ್ಗಲ್ಲ ಇದು, ಕೆಲ್ಸ ಮಾಡೋರ್ಗೆ. ಬರೀ ಹೆಸ್ರು ಸಾಕು’ ಎಂದಿದ್ದಾರೆ. ಹೆಸರು ಇನ್ನೂ ಇಟ್ಟಿಲ್ಲ.

ಒಂದು ಶನಿವಾರ ಅವರು ಕೆಲಸಕ್ಕೆ ಬಂದಾಗ ಮುಖದಲ್ಲಿ ಏನೋ ಇತ್ತು. ಏನಕ್ಕ ಎಂದರು ಪ್ರಸಾದ್. ಇಂದ್ರಾಣಿ ಕೈಗವಸು ಹಾಕಿಕೊಳ್ಳುತ್ತ, ದಿನದ ಮಾತಿನಂತೆಯೇ ಹೇಳಿದರು.

‘ನರಸೀಪುರ ಬಸ್‌ಸ್ಟ್ಯಾಂಡಲ್ಲಿ ಕಿಟಕಿ ಪಕ್ಕ ಕೂತಿದ್ದೆ ಸಾ. ಆಚೆ ಬನ್ನೂರು ಬಸ್ಸಿಂದ ಒಬ್ಳು ತಲೆ ಆಚ್ಗಾಕಿ ಕೂಗುದ್ಲು. ಯಾರು ಅಂತ ನಂಗೊತ್ತಿಲ್ಲ, ಅವ್ಳಿಗೆ ನಾನು ಗೊತ್ತು. “ಇಂದ್ರಾಣಕ್ಕ, ಆ ಕಟ್ಟೋ ಪ್ಯಾಡು ನಮ್ ಗುಂಪಿಗೂ ಬೇಕು, ನಾವು ಒಂಬತ್ತು ಜನ ಇದ್ದೀವಿ” ಅಂದ್ಲು. ಎರಡು ಬಸ್ನೋರೂ ಕೇಳುಸ್ಕಂಡ್ರು, ಕಂಡಕ್ಟರೂ ಕೇಳುಸ್ಕಂಡ. ಅವ್ಳು ತಲೆ ತಗ್ಗುಸ್ನಿಲ್ಲ.’

ಯಂತ್ರ ಶುರುವಾಗುವ ಸದ್ದಾಯಿತು. ಇಂದ್ರಾಣಿ ತಮ್ಮ ಜಾಗಕ್ಕೆ ನಡೆಯುತ್ತ ತಿರುಗಿ ನೋಡಿದರು.

‘ಸಂತೇಲಿ ಸೊಪ್ಪು ಕೇಳ್ದಂಗೆ ಕೇಳುದ್ಲು ಸಾ.’